ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಗಡಿಯಾರದ ಪ್ರಯೋಗಾಲಯದಿಂದ ಬಂದ ಕ್ವಾಂಟಂ ಕಂಪ್ಯೂಟರ್

ಇಂದು ಕಟ್ಟಲಾಗುತ್ತಿರುವ ಕ್ವಾಂಟಂ ಕಂಪ್ಯೂಟರುಗಳಲ್ಲಿ ಒಂದು ಮುಖ್ಯ ಬಗೆಯು ಪರಮಾಣು ಗಡಿಯಾರಗಳನ್ನು ಸುಧಾರಿಸಲು ಹೊರಟವರ ಪ್ರಯೋಗಾಲಯದಲ್ಲಿ ರೂಪುಗೊಂಡಿತು ಎಂದು ಕಳೆದ ಸಂಚಿಕೆಯ ಅಂಕಣದಲ್ಲಿ ಒಂದು ವಾಕ್ಯ ಬರೆದಿದ್ದೆ. ಆ ವಾಕ್ಯವನ್ನು ಹಿಡಿದು ಹಲವು ಓದುಗರು ಪತ್ರ ಬರೆದಿದ್ದಾರೆ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗಡಿಯಾರಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಎಂಬುದು ನನಗೆ ಸ್ಪಷ್ಟವಾಗಲಿಲ್ಲ. ಯಾರಾದರೂ ಒಬ್ಬ ವಿಜ್ಞಾನಿಯ ಕೆಲಸವನ್ನು ಇಟ್ಟುಕೊಂಡು ವಿವರಿಸಬಹುದೇ?
(ನಿವೃತ್ತ ಪ್ರೌಢಶಾಲಾ ಶಿಕ್ಷಕರು, ತುಮಕೂರು)

ಉತ್ತರ: ಇದಕ್ಕೆ ಅಮೆರಿಕದ ಭೌತವಿಜ್ಞಾನಿ ಡೇವಿಡ್ ವೈನ್‌ಲ್ಯಾಂಡ್ ಅವರ ಸಂಶೋಧನಾ ಜೀವನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. 1944ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಹುಟ್ಟಿದ ಅವರು ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, 1965ರಲ್ಲಿ ಬರ್ಕ್ಲಿಯಲ್ಲಿ ಪದವಿ ಪಡೆದು, 1970ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಹಾರ್ವರ್ಡ್‌ನಲ್ಲಿ ಅವರ ಮಾರ್ಗದರ್ಶಕರಾಗಿದ್ದವರು ನಾರ್ಮನ್ ರಾಮ್ಸೆ. ಪರಮಾಣು ಗಡಿಯಾರಗಳ ಇತಿಹಾಸವನ್ನು ಬರೆಯಹೊರಟವರು ಈ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಸಂಬಂಧದ ಬೀಜ ಇರುವುದೇ ರಾಮ್ಸೆ ಅವರು 1949ರಲ್ಲಿ ಕಂಡುಕೊಂಡ ಅಳತೆಯ ವಿಧಾನದಲ್ಲಿ. ಪರಮಾಣುವಿನ ಎರಡು ಶಕ್ತಿಮಟ್ಟಗಳ ಅಂತರಕ್ಕೆ ಹೊಂದುವ ವಿಕಿರಣದ ಒಂದು ಮಿಡಿತವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ, ಆ ಪರಮಾಣು ಎರಡೂ ಮಟ್ಟಗಳು ಬೆರೆತಿರುವ ಸ್ಥಿತಿಗೆ ಬರುತ್ತದೆ. ಕೆಲ ಹೊತ್ತು ಅದನ್ನು ಅದರ ಪಾಡಿಗೆ ಬಿಟ್ಟು, ಬಳಿಕ ಎರಡನೆಯ ಮಿಡಿತ ಕೊಟ್ಟು, ಪರಮಾಣು ಈಗ ಯಾವ ಮಟ್ಟದಲ್ಲಿದೆ ಎಂದು ನೋಡಿದರೆ, ನಮ್ಮ ವಿಕಿರಣದ ಆವೃತ್ತಿಯು ಪರಮಾಣುವಿನ ಸಹಜ ಆವೃತ್ತಿಯಿಂದ ಎಷ್ಟು ಸರಿದಿದೆ ಎಂಬುದು ಗೊತ್ತಾಗುತ್ತದೆ. 1967ರಿಂದ ನಾವು ಒಂದು ಸೆಕೆಂಡನ್ನು ಸೀಸಿಯಂ ಪರಮಾಣುವಿನ ಎರಡು ಮಟ್ಟಗಳಿಗೆ ಸಂಬಂಧಿಸಿದ ವಿಕಿರಣದ 9,19,26,31,770 ಆವರ್ತನಗಳೆಂದು ವ್ಯಾಖ್ಯಾನಿಸುತ್ತೇವೆ. ಆ ಆವರ್ತನಗಳನ್ನು ನಿಖರವಾಗಿ ಹಿಡಿಯಲು ನೆರವಾದದ್ದು ಈ ಎರಡು ಮಿಡಿತಗಳ ವಿಧಾನ.

ಈಗ ಇದೇ ಕ್ರಿಯೆಯನ್ನು ಕ್ವಾಂಟಂ ಕಂಪ್ಯೂಟರ್ ಕಟ್ಟುವವರ ಕಣ್ಣಿನಿಂದ ನೋಡಿ. ಎರಡು ಶಕ್ತಿಮಟ್ಟಗಳಲ್ಲಿ ಒಂದನ್ನು 0 ಎಂದೂ ಇನ್ನೊಂದನ್ನು 1 ಎಂದೂ ಕರೆದರೆ ಆ ಪರಮಾಣು ಒಂದು ಕ್ಯೂಬಿಟ್, ಅಂದರೆ 0 ಮತ್ತು 1 ಎರಡೂ ಬೆರೆತಿರಬಲ್ಲ ಮಾಹಿತಿಯ ಘಟಕ, ಆಗುತ್ತದೆ. ಮೊದಲ ಮಿಡಿತ ಒಂದು ಗೇಟ್ (ಕ್ಯೂಬಿಟ್ಟಿನ ಸ್ಥಿತಿಯನ್ನು ಬದಲಿಸುವ ಲೆಕ್ಕದ ಒಂದು ಹೆಜ್ಜೆ), ಎರಡನೆಯ ಮಿಡಿತ ಇನ್ನೊಂದು ಗೇಟ್, ಕೊನೆಯಲ್ಲಿ ಮಾಡುವ ಪರೀಕ್ಷೆಯೇ ಉತ್ತರವನ್ನು ಓದುವ ಕೆಲಸ. ಎರಡು ಮಿಡಿತಗಳ ನಡುವೆ ಹೊರಗಿನ ಯಾವುದೂ ಪರಮಾಣುವನ್ನು ಕದಲಿಸಬಾರದು ಎಂಬುದು ಗಡಿಯಾರದವರ ಚಿಂತೆ. ಲೆಕ್ಕ ಮುಗಿಯುವವರೆಗೆ ಹೊರಗಿನ ಯಾವುದೂ ಕ್ಯೂಬಿಟ್ಟನ್ನು ಕದಲಿಸಬಾರದು ಎಂಬುದು ಕಂಪ್ಯೂಟರಿನವರ ಚಿಂತೆ. ಪರಮಾಣು ಗಡಿಯಾರವೆಂದರೆ ಒಂದೇ ಬಗೆಯ ಲೆಕ್ಕವನ್ನು ಎಡೆಬಿಡದೆ ಮಾಡುತ್ತಿರುವ ಅತಿ ಚಿಕ್ಕ ಕ್ವಾಂಟಂ ಕಂಪ್ಯೂಟರ್ ಎಂದು ಹೇಳಿದರೆ ಅದು ಅತಿಶಯೋಕ್ತಿಯಾಗುವುದಿಲ್ಲ.

ಡಾಕ್ಟರೇಟ್ ಮುಗಿಸಿದ ವೈನ್‌ಲ್ಯಾಂಡ್ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ಡೆಮೆಲ್ಟ್ ಅವರ ಬಳಿ ಸೇರಿದರು. ವಿದ್ಯುತ್ ಮತ್ತು ಕಾಂತಕ್ಷೇತ್ರಗಳಿಂದ ರಚಿಸಿದ ಬಲೆಯಲ್ಲಿ ಒಂದೇ ಒಂದು ಕಣವನ್ನು ಹಿಡಿದಿಟ್ಟು ನೋಡಬೇಕೆಂಬುದು ಡೆಮೆಲ್ಟ್ ಅವರ ಹಂಬಲವಾಗಿತ್ತು. ಅಲ್ಲಿ 1973ರಲ್ಲಿ ವೈನ್‌ಲ್ಯಾಂಡ್, ಫಿಲಿಪ್ ಎಕ್‌ಸ್ಟ್ರಾಮ್ ಮತ್ತು ಡೆಮೆಲ್ಟ್ ಒಂದೇ ಎಲೆಕ್ಟ್ರಾನನ್ನು ಬಲೆಯಲ್ಲಿ ಹಿಡಿದು ಅದರ ಕಂಪನವನ್ನು ದಾಖಲಿಸಿದರು. ಒಂಟಿ ಎಲೆಕ್ಟ್ರಾನ್ ಅಥವಾ ಒಂಟಿ ಪರಮಾಣುವಿನೊಡನೆ ನಾವು ಎಂದೂ ಪ್ರಯೋಗ ಮಾಡುವುದಿಲ್ಲವೆಂದು 1952ರಲ್ಲಿ ಎರ್ವಿನ್ ಶ್ರೋಡಿಂಗರ್ ಬರೆದಿದ್ದರು. ಇಪ್ಪತ್ತೊಂದೇ ವರ್ಷಗಳಲ್ಲಿ ಆ ಮಾತು ಹಳೆಯದಾಯಿತು.

1975ರಲ್ಲಿ ವೈನ್‌ಲ್ಯಾಂಡ್ ಕೊಲರಾಡೊ ರಾಜ್ಯದ ಬೌಲ್ಡರ್‌ನಲ್ಲಿರುವ ಸರ್ಕಾರಿ ಮಾನಕ ಸಂಸ್ಥೆಯನ್ನು ಸೇರಿದರು. ಆಗ ಅದಕ್ಕೆ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಹೆಸರಿತ್ತು, 1988ರಿಂದ ಅದನ್ನು ನಿಸ್ಟ್ ಎಂದು ಕರೆಯುತ್ತಾರೆ. ಕಾಲ ಮತ್ತು ಆವೃತ್ತಿಯ ವಿಭಾಗದಲ್ಲಿ ಅವರು ನಾಲ್ಕು ದಶಕಗಳಿಗೂ ಮೀರಿ ಉಳಿದರು. ಮಾನಕ ಸಂಸ್ಥೆ ಎಂದರೆ ತೂಕ, ಉದ್ದ, ಕಾಲ ಮುಂತಾದ ಅಳತೆಗಳನ್ನು ಕಾಯುವ ಕಚೇರಿ. ಹೊರಗಿನವರಿಗೆ ಅದು ಉತ್ಸಾಹ ತರುವ ಜಾಗವಾಗಿ ಕಾಣುವುದಿಲ್ಲ. ಆದರೆ ಅಳತೆಯ ಕೊನೆಯ ದಶಾಂಶ ಸ್ಥಾನಕ್ಕಾಗಿ ವರ್ಷಗಟ್ಟಲೆ ಕಾಯಬಲ್ಲ, ನಡುವೆ ಲಾಭದ ಲೆಕ್ಕ ಕೇಳದ ಸಂಸ್ಥೆ ಇದ್ದುದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು ಎಂದು ನಾನು ದೃಢವಾಗಿ ನಂಬಿದ್ದೇನೆ. ನಮ್ಮ ದೇಶದಲ್ಲಿ ಸಂಶೋಧನೆಗೆ ಹಣ ಹಂಚುವವರು ಈ ಅಂಶವನ್ನು ಗಮನಿಸಬೇಕು.

ಪ್ರಶ್ನೆ: ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಂಪು ಮಾಡುತ್ತಾರೆ ಎಂದು ಓದಿದೆ. ಬೆಳಕು ಬಿದ್ದ ವಸ್ತು ಬಿಸಿಯಾಗಬೇಕಲ್ಲವೇ? ತಂಪಾದರೆ ಆ ಶಾಖ ಎಲ್ಲಿಗೆ ಹೋಗುತ್ತದೆ?
(ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಸಾಗರ)

ಉತ್ತರ: ಪ್ರಶ್ನೆಯ ಎರಡನೆಯ ಭಾಗವನ್ನು ಕೇಳಿದ್ದಕ್ಕೆ ನಿಮ್ಮನ್ನು ವಿಶೇಷವಾಗಿ ಅಭಿನಂದಿಸುತ್ತೇನೆ, ಏಕೆಂದರೆ ಬಹಳಷ್ಟು ಮಂದಿ ಮೊದಲ ಭಾಗಕ್ಕೇ ನಿಂತುಬಿಡುತ್ತಾರೆ.

ಅನಿಲದ ಉಷ್ಣತೆಯೆಂದರೆ ಅದರ ಕಣಗಳ ಅಡ್ಡಾದಿಡ್ಡಿ ಚಲನೆಯ ಅಳತೆ. ಕೊಠಡಿಯ ಉಷ್ಣತೆಯಲ್ಲಿ ರುಬಿಡಿಯಂ ಪರಮಾಣುವೊಂದು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ಓಡಾಡುತ್ತಿರುತ್ತದೆ. ಬೆಳಕಿನ ಕಣವಾದ ಫೋಟಾನಿಗೂ ಸಂವೇಗವಿದೆ. ಎದುರಿನಿಂದ ಬಂದ ಫೋಟಾನೊಂದನ್ನು ಹೀರಿಕೊಂಡ ಪರಮಾಣುವಿನ ವೇಗ ಒಂದಿಷ್ಟು ಕುಗ್ಗುತ್ತದೆ. ರುಬಿಡಿಯಂ ವಿಷಯದಲ್ಲಿ ಈ ಕುಗ್ಗುವಿಕೆ ಸೆಕೆಂಡಿಗೆ ಸುಮಾರು 6 ಮಿಲಿಮೀಟರ್ ಮಾತ್ರ. ಹಾಗಾಗಿ ಪರಮಾಣುವನ್ನು ನಿಲ್ಲಿಸಲು ಸುಮಾರು 50,000 ಫೋಟಾನುಗಳು ಬೇಕು. ಪರಮಾಣು ಸೆಕೆಂಡಿಗೆ ಕೋಟಿಗೂ ಮೀರಿದ ಫೋಟಾನುಗಳನ್ನು ಹೀರಿ ಉಗುಳಬಲ್ಲುದರಿಂದ ಇದು ಕೆಲವೇ ಮಿಲಿಸೆಕೆಂಡುಗಳ ಕೆಲಸ.

ಆದರೆ ಹಿಂದಿನಿಂದ ಬಂದ ಫೋಟಾನು ವೇಗವನ್ನು ಹೆಚ್ಚಿಸುತ್ತದೆಯಲ್ಲ! ಇಲ್ಲಿ ಡಾಪ್ಲರ್ ಪರಿಣಾಮವನ್ನು ಬಳಸಿಕೊಳ್ಳುತ್ತಾರೆ. ನಮ್ಮ ಕಡೆಗೆ ಬರುತ್ತಿರುವ ರೈಲಿನ ಸಿಳ್ಳೆ ಹೆಚ್ಚು ಕೀರಲಾಗಿಯೂ, ದೂರ ಹೋಗುತ್ತಿರುವ ರೈಲಿನದು ತಗ್ಗಿಯೂ ಕೇಳಿಸುವಂತೆ, ಲೇಸರಿನ ಕಡೆಗೆ ಚಲಿಸುವ ಪರಮಾಣುವಿಗೆ ಆ ಬೆಳಕಿನ ಆವೃತ್ತಿ ಹೆಚ್ಚಾಗಿ ತೋರುತ್ತದೆ. ಆದ್ದರಿಂದ ಲೇಸರಿನ ಆವೃತ್ತಿಯನ್ನು ಪರಮಾಣು ಹೀರಬಲ್ಲ ಆವೃತ್ತಿಗಿಂತ ಬೇಕೆಂದೇ ತುಸು ಕಡಿಮೆ ಇಡುತ್ತಾರೆ. ಆಗ ಲೇಸರಿಗೆ ಎದುರಾಗಿ ಬರುವ ಪರಮಾಣುವಿಗೆ ಮಾತ್ರ ಆ ಬೆಳಕು ಸರಿಹೊಂದುತ್ತದೆ. ದೂರ ಸರಿಯುತ್ತಿರುವ ಪರಮಾಣು ಅದನ್ನು ಹೆಚ್ಚಾಗಿ ಹೀರುವುದೇ ಇಲ್ಲ. ಹೀರಿದ ಬೆಳಕನ್ನು ಪರಮಾಣು ಯಾವ ದಿಕ್ಕಿಗಾದರೂ ಹೊರಸೂಸುವುದರಿಂದ ಆ ಒದೆತಗಳು ಸರಾಸರಿಯಲ್ಲಿ ಒಂದನ್ನೊಂದು ರದ್ದುಗೊಳಿಸುತ್ತವೆ.

ಶಾಖ ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರವೂ ಇದರಲ್ಲೇ ಇದೆ. ಪರಮಾಣು ಹೀರಿದ್ದು ತುಸು ಕಡಿಮೆ ಆವೃತ್ತಿಯ ಬೆಳಕು, ಹೊರಸೂಸುವುದು ಸರಾಸರಿಯಲ್ಲಿ ಅದಕ್ಕಿಂತ ತುಸು ಹೆಚ್ಚಿನ ಆವೃತ್ತಿಯ ಬೆಳಕು. ಆ ವ್ಯತ್ಯಾಸದಷ್ಟು ಶಕ್ತಿ ಪರಮಾಣುವಿನ ಚಲನೆಯಿಂದಲೇ ಬರಬೇಕು. ಚದುರಿದ ಬೆಳಕು ಅದನ್ನು ಹೊತ್ತು ಹೊರಗೆ ಹೋಗುತ್ತದೆ, ಆದ್ದರಿಂದ ಶಕ್ತಿಯ ಸಂರಕ್ಷಣೆಗೆ ಯಾವ ಭಂಗವೂ ಇಲ್ಲ.

1975ರಲ್ಲಿ ಈ ಉಪಾಯವನ್ನು ಪರಸ್ಪರ ತಿಳಿಯದಂತೆ ಎರಡು ಜೋಡಿಗಳು ಸೂಚಿಸಿದವು. ವಿದ್ಯುದಂಶವಿಲ್ಲದ ಪರಮಾಣುಗಳಿಗಾಗಿ ಥಿಯೊಡೋರ್ ಹ್ಯಾನ್ಶ್ ಮತ್ತು ಆರ್ಥರ್ ಶಾಲೊ, ಬಲೆಯಲ್ಲಿರುವ ಅಯಾನುಗಳಿಗಾಗಿ (ಅಂದರೆ ವಿದ್ಯುದಂಶವುಳ್ಳ ಪರಮಾಣುಗಳಿಗಾಗಿ) ವೈನ್‌ಲ್ಯಾಂಡ್ ಮತ್ತು ಡೆಮೆಲ್ಟ್ ಅದನ್ನು ಪ್ರಕಟಿಸಿದರು. 1978ರಲ್ಲಿ ವೈನ್‌ಲ್ಯಾಂಡ್, ರಾಬರ್ಟ್ ಡ್ರಲಿಂಗರ್ ಮತ್ತು ಫ್ರೆಡ್ ವಾಲ್ಸ್ ಬೌಲ್ಡರ್‌ನಲ್ಲಿ ಮೆಗ್ನೀಸಿಯಂ ಅಯಾನುಗಳನ್ನು 40 ಕೆಲ್ವಿನ್‌ಗಿಂತ (ಸುಮಾರು ಮೈನಸ್ 233 ಡಿಗ್ರಿ ಸೆಲ್ಸಿಯಸ್‌ಗಿಂತ) ಕೆಳಕ್ಕೆ ತಂಪು ಮಾಡಿ ತೋರಿಸಿದರು. ಅದೇ ವರ್ಷ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಬೇರಿಯಂ ಅಯಾನುಗಳೊಡನೆಯೂ ಇದು ನೆರವೇರಿತು. 40 ಕೆಲ್ವಿನ್ ಇಂದಿನ ಲೆಕ್ಕಕ್ಕೆ ಸೆಕೆಯೇ ಸರಿ. ಆದರೆ ಬೆಳಕಿನಿಂದ ತಂಪು ಮಾಡಬಹುದು ಎಂಬುದನ್ನು ಸಾಬೀತುಪಡಿಸಿದ ಮೊದಲ ಪ್ರಯೋಗಗಳು ಇವು. ಹೆಚ್ಚಿನ ತಂಪು ಬೇಗನೆ ಬಂತು: 1989ರಲ್ಲಿ ಬೌಲ್ಡರ್ ತಂಡವು ಬಲೆಯೊಳಗಿನ ಒಂದು ಪಾದರಸದ ಅಯಾನನ್ನು ಅದರ ಕಂಪನದ ಅತ್ಯಂತ ಕೆಳಗಿನ ಮಟ್ಟಕ್ಕೆ ಇಳಿಸಿ, ಹೆಚ್ಚುಕಡಿಮೆ ಶೇಕಡಾ 95ರಷ್ಟು ಹೊತ್ತು ಅಲ್ಲೇ ಇರುವಂತೆ ಮಾಡಿತು. ಅದಕ್ಕಿಂತ ಕಡಿಮೆ ಅಲುಗಾಡಲು ಕ್ವಾಂಟಂ ನಿಯಮಗಳು ಆ ಅಯಾನಿಗೆ ಅವಕಾಶವನ್ನೇ ಕೊಡುವುದಿಲ್ಲ.

ಪ್ರಶ್ನೆ: ತಂಪುಗೊಳಿಸಿದ ಪರಮಾಣು ಬೇರೆ, ಬಲೆಯಲ್ಲಿನ ಅಯಾನು ಬೇರೆಯೇ? ಯಾವುದು ಮುಂದಿದೆ?
(ದಾವಣಗೆರೆ)

ಉತ್ತರ: ಅಯಾನಿಗೆ ವಿದ್ಯುದಂಶವಿರುವುದರಿಂದ ಅದನ್ನು ವಿದ್ಯುತ್ ಕ್ಷೇತ್ರದಲ್ಲಿ ಭದ್ರವಾಗಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿದಿಡಬಹುದು, ಆದರೆ ಒಂದಕ್ಕೊಂದು ವಿಕರ್ಷಿಸುವುದರಿಂದ ಅವುಗಳನ್ನು ಬಹಳ ಸಂಖ್ಯೆಯಲ್ಲಿ ಒಟ್ಟಿಗೆ ಆಳುವುದು ಕಷ್ಟ. ವಿದ್ಯುದಂಶವಿಲ್ಲದ ಪರಮಾಣುಗಳ ಹಿಡಿತ ಸಡಿಲ, ಆದರೆ ಸಾವಿರಾರು ಪರಮಾಣುಗಳನ್ನು ಒಟ್ಟಿಗೆ ಹಿಡಿಯಬಹುದು. ಆ ಹಾದಿಯಲ್ಲಿ ವಿಲಿಯಂ ಫಿಲಿಪ್ಸ್, ಸ್ಟೀವನ್ ಚು ಮತ್ತು ಕ್ಲೋಡ್ ಕೊಹೆನ್-ತನೂಜಿ 1997ರ ನೊಬೆಲ್ ಪಡೆದರು. ಬೌಲ್ಡರ್ ಊರಿನಲ್ಲೇ ಎರಿಕ್ ಕಾರ್ನೆಲ್ ಮತ್ತು ಕಾರ್ಲ್ ವೀಮನ್ 1995ರಲ್ಲಿ ರುಬಿಡಿಯಂ ಅನಿಲವನ್ನು 170 ನ್ಯಾನೊಕೆಲ್ವಿನ್‌ಗೆ ಇಳಿಸಿ, ಢಾಕಾದಲ್ಲಿ ಅಧ್ಯಾಪಕರಾಗಿದ್ದ ಸತ್ಯೇಂದ್ರನಾಥ ಬೋಸರ 1924ರ ಲೇಖನದಿಂದ ಹೊರಟ ಬೋಸ್-ಐನ್‌ಸ್ಟೈನ್ ಸಾಂದ್ರಣವನ್ನು (ಅತಿ ತಂಪಿನಲ್ಲಿ ಬಹಳಷ್ಟು ಪರಮಾಣುಗಳು ಒಂದೇ ಕ್ವಾಂಟಂ ಸ್ಥಿತಿಗೆ ಸೇರುವುದನ್ನು) ಕಣ್ಣಿಗೆ ತೋರಿಸಿದರು. ಇಂದು ಲೇಸರಿನ ಸೂಕ್ಷ್ಮ ಇಕ್ಕುಳಗಳಲ್ಲಿ ನೂರಾರು ಪರಮಾಣುಗಳನ್ನು ಸಾಲಾಗಿ ಜೋಡಿಸಿ ಲೆಕ್ಕ ಮಾಡಿಸುವ ತಂಡಗಳಿವೆ. ಗೇಟುಗಳ ನಿಖರತೆಯಲ್ಲಿ ಅಯಾನುಗಳೂ, ಸಂಖ್ಯೆಯಲ್ಲಿ ಪರಮಾಣುಗಳೂ ಮುಂದಿವೆ ಎಂಬುದು ನನ್ನ ಅಂದಾಜು. ಒಂದು ಗೆದ್ದು ಇನ್ನೊಂದು ಸೋತಿತು ಎನ್ನುವ ಹೊತ್ತು ಇದಲ್ಲ.

ಪ್ರಶ್ನೆ: 1995ರಲ್ಲಿ ವೈನ್‌ಲ್ಯಾಂಡ್ ಅವರ ತಂಡ ಮೊದಲ ಕ್ವಾಂಟಂ ಗೇಟನ್ನು ಮಾಡಿತು ಎನ್ನುತ್ತಾರೆ. ಅದು ಕಂಪ್ಯೂಟರ್ ಆಗಿತ್ತೇ? ಅವರು ಗಡಿಯಾರ ಬಿಟ್ಟು ಅದಕ್ಕೇಕೆ ಹೋದರು?
(ಎಂಜಿನಿಯರ್, ಮೈಸೂರು)

ಉತ್ತರ: ಅವರು ಗಡಿಯಾರವನ್ನು ಬಿಡಲಿಲ್ಲ. ಅವರ ಜೀವನವನ್ನು ಅರ್ಥಮಾಡಿಕೊಳ್ಳಲು ಈ ಅಂಶ ಬಹಳ ಮುಖ್ಯ.

ಗಡಿಯಾರದಲ್ಲಿ ಹಲವು ಅಯಾನುಗಳನ್ನು ಒಟ್ಟಿಗೆ ಬಳಸಿದರೆ ಅಳತೆ ಸುಧಾರಿಸುತ್ತದೆ, ಆದರೆ ನಿಧಾನವಾಗಿ: ಒಂದಕ್ಕೊಂದು ಸಂಬಂಧವಿಲ್ಲದ 100 ಅಯಾನುಗಳಿಂದ ನಿಖರತೆ ಹೆಚ್ಚುವುದು ಹತ್ತು ಪಟ್ಟು ಮಾತ್ರ. ಅದೇ ಅಯಾನುಗಳ ಸ್ಥಿತಿಗಳನ್ನು ಒಂದರೊಡನೊಂದು ಹೆಣೆದರೆ (ಒಂದರ ಸ್ಥಿತಿಯನ್ನು ಉಳಿದವುಗಳಿಂದ ಬೇರ್ಪಡಿಸಿ ಹೇಳಲಾಗದಂತೆ ಬೆಸೆದರೆ), ತತ್ತ್ವತಃ ನೂರು ಪಟ್ಟಿನವರೆಗೆ ಹೋಗಬಹುದು. ಹೀಗೆ ಹೆಣೆದು ಗಡಿಯಾರದ ಅಳತೆಯಲ್ಲಿನ ಏರುಪೇರನ್ನು ತಗ್ಗಿಸುವ ಪ್ರಸ್ತಾಪವನ್ನು ವೈನ್‌ಲ್ಯಾಂಡ್ ಮತ್ತು ಸಂಗಾತಿಗಳು 1992ರಲ್ಲೇ ಪ್ರಕಟಿಸಿದ್ದರು. ಕ್ವಾಂಟಂ ಕಂಪ್ಯೂಟರ್ ಎಂಬ ಮಾತು ಪ್ರಯೋಗಕಾರರ ನಡುವೆ ಇನ್ನೂ ಹರಡಿರದಿದ್ದ ಕಾಲವದು.

1994ರಲ್ಲಿ ಎರಡು ಘಟನೆಗಳು ನಡೆದವು. ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಕ್ವಾಂಟಂ ಕಂಪ್ಯೂಟರ್ ವೇಗವಾಗಿ ಕಂಡುಹಿಡಿಯಬಲ್ಲದೆಂದು ಪೀಟರ್ ಶೋರ್ ತೋರಿಸಿದರು. ಅದೇ ವರ್ಷ ಬೌಲ್ಡರ್‌ನಲ್ಲಿ ನಡೆದ ಪರಮಾಣು ಭೌತವಿಜ್ಞಾನದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಆರ್ಟರ್ ಎಕರ್ಟ್ ಈ ಹೊಸ ವಿಚಾರವನ್ನು ಪರಮಾಣು ತಜ್ಞರ ಮುಂದಿಟ್ಟು, ಇದನ್ನು ಕಟ್ಟಲು ತಮ್ಮಲ್ಲಿ ಯಾರಿಗಾದರೂ ದಾರಿ ಹೊಳೆಯಬಹುದೇ ಎಂಬ ಪ್ರಶ್ನೆಯನ್ನು ಎಬ್ಬಿಸಿದರು. ಕೇಳುಗರಲ್ಲಿದ್ದ ಇಗ್ನಾಸಿಯೊ ಸಿರಾಕ್ ಮತ್ತು ಪೀಟರ್ ಝೋಲರ್ ಎಂಬ ಸಿದ್ಧಾಂತಿಗಳು ಬಲೆಯಲ್ಲಿ ಸಾಲಾಗಿ ನಿಂತ ಅಯಾನುಗಳಿಂದ ಇದನ್ನು ಮಾಡುವ ಕ್ರಮವನ್ನು 1995ರಲ್ಲಿ ಬರೆದು ಪ್ರಕಟಿಸಿದರು. ಸಾಲಿನಲ್ಲಿರುವ ಅಯಾನುಗಳು ವಿಕರ್ಷಣೆಯಿಂದಾಗಿ ಒಟ್ಟಾಗಿಯೇ ಕಂಪಿಸುತ್ತವೆ. ಒಂದು ಅಯಾನಿನೊಳಗಿನ ಮಾಹಿತಿಯನ್ನು ಲೇಸರಿನಿಂದ ಆ ಸಾಮೂಹಿಕ ಕಂಪನಕ್ಕೆ ವರ್ಗಾಯಿಸಿ, ಅಲ್ಲಿಂದ ಇನ್ನೊಂದು ಅಯಾನಿಗೆ ತಲುಪಿಸಬಹುದು ಎಂಬುದು ಅವರ ಸೂಚನೆಯ ತಿರುಳು.

ಇದಕ್ಕೆ ಬೇಕಾದದ್ದೇನು? ಅಯಾನನ್ನು ಹಿಡಿಯುವ ಬಲೆ, ಅದನ್ನು ಕಂಪನದ ತಳಮಟ್ಟಕ್ಕೆ ಇಳಿಸುವ ಕೌಶಲ, ಒಂಟಿ ಅಯಾನಿನ ಸ್ಥಿತಿಯನ್ನು ಬೆಳಕಿನಿಂದ ಓದುವ ವಿಧಾನ. ಬೌಲ್ಡರ್‌ನಲ್ಲಿ ಈ ಮೂರೂ ಗಡಿಯಾರದ ಸಲುವಾಗಿ ಆಗಲೇ ಸಿದ್ಧವಾಗಿದ್ದವು. ಒಂಟಿ ಅಯಾನು ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯುವುದನ್ನು ಅವರು 1986ರಲ್ಲೇ ನೇರವಾಗಿ ಕಂಡಿದ್ದರು. ಆದ್ದರಿಂದ ಪ್ರಸ್ತಾಪ ಪ್ರಕಟವಾದ ವರ್ಷವೇ ಕ್ರಿಸ್ಟೊಫರ್ ಮನ್ರೊ, ವೈನ್‌ಲ್ಯಾಂಡ್ ಮತ್ತು ಸಂಗಡಿಗರು ನಿಯಂತ್ರಿತ-ನಾಟ್ ಗೇಟನ್ನು ಮಾಡಿ ತೋರಿಸಲು ಸಾಧ್ಯವಾಯಿತು. ಬೇರೆಯವರಿಗೆ ಪ್ರಯೋಗಾಲಯ ಕಟ್ಟಲೇ ಹಲವು ವರ್ಷ ಬೇಕಾಗುತ್ತಿತ್ತು.

ಅದು ಕಂಪ್ಯೂಟರ್ ಆಗಿರಲಿಲ್ಲ, ನಿಮ್ಮ ಸಂಶಯ ಸರಿಯಾಗಿಯೇ ಇದೆ. ಅಲ್ಲಿ ಇದ್ದದ್ದು ಒಂದೇ ಒಂದು ಬೆರಿಲಿಯಂ ಅಯಾನು. ಅದರ ಕಂಪನದ ಕೆಳಗಿನ ಎರಡು ಮಟ್ಟಗಳು ಒಂದು ಕ್ಯೂಬಿಟ್, ಅದರೊಳಗಿನ ಎರಡು ಶಕ್ತಿಮಟ್ಟಗಳು ಇನ್ನೊಂದು ಕ್ಯೂಬಿಟ್. ಮೊದಲನೆಯದು 1 ಆಗಿದ್ದರೆ ಮಾತ್ರ ಎರಡನೆಯದು ತಿರುಗುತ್ತಿತ್ತು. 2000ದಲ್ಲಿ ನಾಲ್ಕು ಅಯಾನುಗಳನ್ನು, 2005ರಲ್ಲಿ ಆರು ಅಯಾನುಗಳನ್ನು ಹೆಣೆದರು; 2004ರಲ್ಲಿ ಒಂದು ಅಯಾನಿನ ಕ್ವಾಂಟಂ ಸ್ಥಿತಿಯನ್ನು ಇನ್ನೊಂದಕ್ಕೆ ರವಾನಿಸಿದರು, ಆಸ್ಟ್ರಿಯದ ಇನ್ಸ್‌ಬ್ರುಕ್‌ನ ರೈನರ್ ಬ್ಲಾಟ್ ಅವರ ತಂಡವೂ ಅದೇ ಹೊತ್ತಿಗೆ ಅದನ್ನು ಮಾಡಿತ್ತು. ಇವೆಲ್ಲಕ್ಕಿಂತ ಮುಂದಿನವರಿಗೆ ಹೆಚ್ಚು ಉಪಯೋಗವಾದದ್ದು, ನನ್ನ ಎಣಿಕೆಯಲ್ಲಿ, 2002ರಲ್ಲಿ ಕೀಲ್ಪಿನ್‌ಸ್ಕಿ, ಮನ್ರೊ ಮತ್ತು ವೈನ್‌ಲ್ಯಾಂಡ್ ಬರೆದ ಯೋಜನೆ. ಅಯಾನುಗಳನ್ನೆಲ್ಲ ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸುವ ಬದಲು ಎಲೆಕ್ಟ್ರಾನಿಕ್ ಚಿಪ್‌ನಂಥ ಹಲಗೆಯ ಮೇಲೆ ಹಲವು ಚಿಕ್ಕ ಬಲೆಗಳನ್ನು ರಚಿಸಿ, ಬೇಕಾದಾಗ ಬೇಕಾದ ಅಯಾನುಗಳನ್ನು ಒಂದೆಡೆಗೆ ಸಾಗಿಸಿ ಗೇಟು ನಡೆಸಬೇಕೆಂಬ ಯೋಜನೆಯದು. ಕ್ವಾಂಟಿನ್ಯುಮ್ ಕಂಪನಿಯ ಯಂತ್ರಗಳು ಇಂದು ಕೆಲಸ ಮಾಡುವುದು ಹಾಗೆಯೇ. ಮನ್ರೊ ಅವರು ಮುಂದೆ 2015ರಲ್ಲಿ ಐಯಾನ್‌ಕ್ಯೂ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ಪ್ರಶ್ನೆ: ಕೋಟ್ಯಂತರ ವರ್ಷಗಳಿಗೆ ಒಂದು ಸೆಕೆಂಡ್ ತಪ್ಪುವ ಗಡಿಯಾರದಿಂದ ಯಾರಿಗೆ ಏನು ಪ್ರಯೋಜನ?
(ಮಂಗಳೂರು)

ಉತ್ತರ: ಮೊದಲು ಆ ಗಡಿಯಾರದ ಬಗ್ಗೆ ಹೇಳುತ್ತೇನೆ, ಏಕೆಂದರೆ ಗಡಿಯಾರದಿಂದ ಕಂಪ್ಯೂಟರಿಗೆ ಹೋದ ಕೌಶಲ ಗಡಿಯಾರಕ್ಕೇ ಮರಳಿ ಬಂದ ಕಥೆ ಇಲ್ಲಿದೆ. ಅಲ್ಯೂಮಿನಿಯಂ ಅಯಾನು ಗಡಿಯಾರಕ್ಕೆ ಅತ್ಯುತ್ತಮವೆಂದು ಬಹಳ ಹಿಂದೆಯೇ ಗೊತ್ತಿತ್ತು. ಹೊರಗಿನ ಕ್ಷೇತ್ರಗಳು ಅದರ ಆವೃತ್ತಿಯನ್ನು ಬಹಳ ಕಡಿಮೆ ಕದಲಿಸುತ್ತವೆ. ತೊಂದರೆಯೆಂದರೆ ಅದನ್ನು ತಂಪು ಮಾಡಲು ಮತ್ತು ಅದರ ಸ್ಥಿತಿಯನ್ನು ಓದಲು 167 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬೇಕು, ಅಂಥ ಲೇಸರನ್ನು ಕಟ್ಟುವುದು ಬಹಳ ಕಷ್ಟ. ಬೌಲ್ಡರ್ ತಂಡ 2005ರಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡಿತು. ಅಲ್ಯೂಮಿನಿಯಂ ಅಯಾನಿನ ಪಕ್ಕದಲ್ಲಿ ಬೆರಿಲಿಯಂ ಅಯಾನೊಂದನ್ನು ಅದೇ ಬಲೆಯಲ್ಲಿ ಇಟ್ಟು, ಬೆರಿಲಿಯಂ ಅನ್ನು ತಂಪು ಮಾಡಿ ಅದರ ಮೂಲಕ ಅಲ್ಯೂಮಿನಿಯಂ ಕೂಡ ತಂಪಾಗುವಂತೆ ಮಾಡಿದರು. ಅಲ್ಯೂಮಿನಿಯಂ ಒಳಗಿನ ಉತ್ತರವನ್ನು ಅವೆರಡರ ಸಾಮೂಹಿಕ ಕಂಪನಕ್ಕೂ, ಅಲ್ಲಿಂದ ಬೆರಿಲಿಯಂಗೂ ವರ್ಗಾಯಿಸಿ ಓದಿದರು. ಇದು ಕ್ವಾಂಟಂ ಕಂಪ್ಯೂಟರಿನ ಗೇಟಿನ ಕ್ರಿಯೆಯೇ ಹೊರತು ಬೇರೇನೂ ಅಲ್ಲ.

2010ರಲ್ಲಿ ಇಂಥ ಗಡಿಯಾರದ ಅನಿಶ್ಚಿತತೆ ಎಷ್ಟು ಕಡಿಮೆಯಾಯಿತೆಂದರೆ, 370 ಕೋಟಿ ವರ್ಷ ನಡೆದರೂ ಅದು ಒಂದು ಸೆಕೆಂಡಿನಷ್ಟು ತಪ್ಪಲಾರದು ಎಂದು ಲೆಕ್ಕ ಹಾಕಿದರು. ಅದೇ ವರ್ಷ ಅವರು ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ, ಮೇಲಿನದು ತುಸು ವೇಗವಾಗಿ ನಡೆಯುವುದನ್ನು ಅಳೆದರು. ಗುರುತ್ವ ಹೆಚ್ಚಿರುವಲ್ಲಿ ಕಾಲ ನಿಧಾನವಾಗುತ್ತದೆಂಬ ಐನ್‌ಸ್ಟೈನ್ ಸಿದ್ಧಾಂತವನ್ನು, ಅದುವರೆಗೆ ಗಡಿಯಾರಗಳಿಂದ ಹೆಚ್ಚಾಗಿ ವಿಮಾನ ಮತ್ತು ರಾಕೆಟ್ಟುಗಳ ಎತ್ತರದಲ್ಲಿ ಪರೀಕ್ಷಿಸುತ್ತಿದ್ದುದನ್ನು, ಒಂದೆರಡು ಮೆಟ್ಟಿಲು ಹತ್ತಿದಷ್ಟು ಎತ್ತರದಲ್ಲೇ ಕಾಣಿಸಿದ ಈ ಪ್ರಯೋಗವನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ತರಗತಿ ಎದ್ದು ಕೂರುತ್ತದೆ.

ಪ್ರಯೋಜನದ ಮಾತು. ಇಷ್ಟು ಸೂಕ್ಷ್ಮ ಗಡಿಯಾರಗಳಿದ್ದರೆ ಎರಡು ಊರುಗಳ ಎತ್ತರದ ವ್ಯತ್ಯಾಸವನ್ನು, ನೆಲದೊಳಗಿನ ದ್ರವ್ಯರಾಶಿಯ ಏರುಪೇರನ್ನು ಕಾಲದ ವ್ಯತ್ಯಾಸದಿಂದಲೇ ಅಳೆಯಬಹುದು. ಭೂಮಾಪನದವರು ಇದಕ್ಕೆ ಈಗಾಗಲೇ ಸಿದ್ಧತೆ ನಡೆಸಿದ್ದಾರೆ. ನಿತ್ಯಜೀವನಕ್ಕೆ ಹತ್ತಿರವಾದದ್ದು ಉಪಗ್ರಹಗಳ ಮೂಲಕ ಸ್ಥಾನ ತಿಳಿಯುವ ವ್ಯವಸ್ಥೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುವುದರಿಂದ, ಗಡಿಯಾರ ಅಷ್ಟು ತಪ್ಪಿದರೆ ದೂರದ ಅಳತೆಯೂ ಅಷ್ಟು ತಪ್ಪುತ್ತದೆ. ಇದಕ್ಕೆ ಅಲ್ಯೂಮಿನಿಯಂ ಗಡಿಯಾರ ಬೇಕಿಲ್ಲ, ರುಬಿಡಿಯಂ ಗಡಿಯಾರ ಸಾಕು. ಆದರೆ ಆ ಗಡಿಯಾರವನ್ನೂ ನಾವು ಬಹುಕಾಲ ವಿದೇಶದಿಂದಲೇ ತರಿಸಬೇಕಾಗಿತ್ತು. 2023ರ ಮೇ 29ರಂದು ಇಸ್ರೊ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ರೂಪಿಸಿದ ಸ್ವದೇಶಿ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಕಕ್ಷೆ ಸೇರಿತು.

ಪ್ರಶ್ನೆ: 2012ರ ನೊಬೆಲ್ ಪುರಸ್ಕಾರವನ್ನು ವೈನ್‌ಲ್ಯಾಂಡ್ ಇನ್ನೊಬ್ಬರೊಡನೆ ಹಂಚಿಕೊಂಡರಂತೆ. ಅವರಿಬ್ಬರೂ ಒಟ್ಟಿಗೆ ದುಡಿದವರೇ?
(ಕಲಬುರಗಿ)

ಉತ್ತರ: ಇಲ್ಲ. ಪ್ಯಾರಿಸಿನ ಸೆರ್ಜ್ ಅರೋಶ್ ಅವರದು ಬೇರೆಯೇ ಪ್ರಯೋಗಾಲಯ, ಅವರ ಪ್ರಯೋಗವೂ ವೈನ್‌ಲ್ಯಾಂಡ್ ಅವರದಕ್ಕೆ ಕನ್ನಡಿಯಲ್ಲಿನ ಪ್ರತಿಬಿಂಬದಂಥದು. ಬೌಲ್ಡರ್‌ನಲ್ಲಿ ಅಯಾನನ್ನು ಹಿಡಿದಿಟ್ಟು ಬೆಳಕಿನಿಂದ ಪರೀಕ್ಷಿಸಿದರೆ, ಪ್ಯಾರಿಸಿನಲ್ಲಿ ಅತಿ ನುಣುಪಾದ ಕನ್ನಡಿಗಳ ನಡುವೆ ಫೋಟಾನುಗಳನ್ನು ಹಿಡಿದಿಟ್ಟು ಪರಮಾಣುಗಳಿಂದ ಪರೀಕ್ಷಿಸಿದರು. ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. 1989ರ ಭೌತವಿಜ್ಞಾನದ ನೊಬೆಲ್ ಪಡೆದ ಮೂವರಲ್ಲಿ ರಾಮ್ಸೆ ಮತ್ತು ಡೆಮೆಲ್ಟ್ ಇಬ್ಬರೂ ಇದ್ದರು (ಮೂರನೆಯವರು ಅಯಾನಿನ ಬಲೆಯನ್ನು ರೂಪಿಸಿದ ವೋಲ್ಫ್‌ಗಾಂಗ್ ಪೌಲ್). ತಮಗೆ ಕಲಿಸಿದ ಇಬ್ಬರಿಗೂ ಒಂದೇ ವರ್ಷ ಆ ಗೌರವ ಸಂದದ್ದನ್ನು ಕಂಡ ವೈನ್‌ಲ್ಯಾಂಡ್ ಅವರ ಸರದಿ ಬಂದಾಗ ಅವರಿಗೆ 68 ವರ್ಷ. ಅವರ ಲೇಖನಗಳಲ್ಲಿ ದಶಕಗಳ ಕಾಲ ಮತ್ತೆ ಮತ್ತೆ ಕಾಣುವ ಜೇಮ್ಸ್ ಬರ್ಗ್‌ಕ್ವಿಸ್ಟ್, ಜಾನ್ ಬೋಲಿಂಗರ್, ವೇಯ್ನ್ ಇಟಾನೊ ಅವರ ಹೆಸರುಗಳನ್ನೂ ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಆ ಸಹವಾಸವಿಲ್ಲದೆ ಈ ಕೆಲಸ ಆಗುತ್ತಿರಲಿಲ್ಲ. 2018ರಲ್ಲಿ ವೈನ್‌ಲ್ಯಾಂಡ್ ಆರೆಗಾನ್ ವಿಶ್ವವಿದ್ಯಾಲಯವನ್ನು ಸೇರಿದರು.

ಪ್ರಶ್ನೆ: ನಾನು ಕೃಷಿಕ. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಕ್ವಾಂಟಂ ಸಂಶೋಧನೆ ಮಾಡಬೇಕೆನ್ನುತ್ತಾಳೆ. ಇದಕ್ಕೆ ನಮ್ಮಲ್ಲೇ ಅವಕಾಶವಿದೆಯೇ? ಎಷ್ಟು ವರ್ಷ ಬೇಕು, ನಮ್ಮಂಥವರು ಖರ್ಚು ತಡೆದುಕೊಳ್ಳಬಹುದೇ?
(ಹಾವೇರಿ ಜಿಲ್ಲೆ)

ಉತ್ತರ: ಮಗಳ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ವಿಚಾರಿಸಿದ್ದೀರಿ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಅವಕಾಶ ನಿಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಂಪು ಪರಮಾಣು, ಅಯಾನು ಮತ್ತು ಕ್ವಾಂಟಂ ಮಾಹಿತಿಯ ಪ್ರಯೋಗಾಲಯಗಳು ವರ್ಷಗಳಿಂದ ನಡೆಯುತ್ತಿವೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಬಿ.ಎಸ್ಸಿ. ಮುಗಿದ ಮೇಲೆ ಎರಡು ದಾರಿಗಳಿವೆ. ಜಾಮ್ ಎಂಬ ಅಖಿಲ ಭಾರತ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂ.ಎಸ್ಸಿ.ಗೆ ಸೇರಬಹುದು, ಇಲ್ಲವೇ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಕೂಡಿರುವ ಸಂಯುಕ್ತ ಶಿಕ್ಷಣಕ್ಕೆ ಪ್ರಯತ್ನಿಸಬಹುದು. ನಮ್ಮ ವಿಶ್ವವಿದ್ಯಾಲಯಗಳಲ್ಲೇ ಎಂ.ಎಸ್ಸಿ. ಮಾಡಿ, ನಂತರ ನೆಟ್ ಅಥವಾ ಜೆಸ್ಟ್ ಪರೀಕ್ಷೆಯ ಮೂಲಕ ಪಿಎಚ್.ಡಿ.ಗೆ ಹೋದವರೂ ಸಾಕಷ್ಟು ಮಂದಿ ಇದ್ದಾರೆ. ಬಿ.ಎಸ್ಸಿ. ನಂತರ ಒಟ್ಟು ಏಳೆಂಟು ವರ್ಷ ಹಿಡಿಯುತ್ತದೆಂದು ಮನಸ್ಸಿನಲ್ಲಿಟ್ಟುಕೊಳ್ಳಿ. ಪಿಎಚ್.ಡಿ. ಕಾಲದಲ್ಲಿ ಮನೆಯಿಂದ ಹಣ ಕೊಡಬೇಕಾಗುವುದಿಲ್ಲ; 2023ರ ಪರಿಷ್ಕರಣೆಯಂತೆ ಕಿರಿಯ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಸಂಶೋಧಕರಿಗೆ 42,000 ರೂಪಾಯಿ ಶಿಷ್ಯವೇತನವಿದೆ, ಮನೆ ಬಾಡಿಗೆಯ ಭತ್ಯೆ ಬೇರೆ. ಆದರೆ ಮುಚ್ಚಿಡದೆ ಹೇಳಬೇಕಾದ ಒಂದು ಮಾತಿದೆ. ಶಿಷ್ಯವೇತನ ಕೈಗೆ ಬರುವುದು ಹಲವು ಕಡೆ ತಡವಾಗುತ್ತದೆ, ಪಿಎಚ್.ಡಿ. ಆದ ಮೇಲೂ ಕಾಯಂ ಹುದ್ದೆಗೆ ಕೆಲವು ವರ್ಷ ಅಲೆಯಬೇಕಾಗುತ್ತದೆ. ಆ ವರ್ಷಗಳಲ್ಲಿ ಮದುವೆಯ ಒತ್ತಡವನ್ನು ಮಗಳ ಮೇಲೆ ಹೇರುವುದಿಲ್ಲವೆಂದು ಮನೆಯವರು ಈಗಲೇ ಒಪ್ಪಿಕೊಂಡರೆ ಅವಳಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಕನ್ನಡ ಮಾಧ್ಯಮ ಅಡ್ಡಿಯಾಗುವುದಿಲ್ಲ. ಗಣಿತದಲ್ಲಿ ರೇಖೀಯ ಬೀಜಗಣಿತವನ್ನು ಅವಳು ಗಟ್ಟಿ ಮಾಡಿಕೊಳ್ಳಲಿ, ಕ್ವಾಂಟಂ ಸಿದ್ಧಾಂತ ನಿಂತಿರುವುದೇ ಅದರ ಮೇಲೆ. ಪ್ರಯೋಗದತ್ತ ಒಲವಿದ್ದರೆ ಕಾಲೇಜಿನ ಪ್ರಯೋಗಾಲಯದ ತರಗತಿಯನ್ನು ಅಂಕಕ್ಕಾಗಿ ಮಾತ್ರ ನೋಡದೆ, ಬೆಸುಗೆ ಹಾಕುವುದು, ಆಸಿಲೋಸ್ಕೋಪ್ ಬಳಸುವುದು, ಬೆಳಕಿನ ಕಿರಣವನ್ನು ಕನ್ನಡಿ ಮಸೂರಗಳ ಮೂಲಕ ಸರಿಯಾಗಿ ಹಾಯಿಸುವುದು, ಪೈಥಾನ್ ಭಾಷೆಯಲ್ಲಿ ಚಿಕ್ಕ ಪ್ರೋಗ್ರಾಂ ಬರೆಯುವುದು, ಇವನ್ನೆಲ್ಲ ಕೈಯಾರೆ ಮಾಡಿ ಕಲಿಯಲಿ. ತಂಪು ಪರಮಾಣುಗಳ ಪ್ರಯೋಗಾಲಯಕ್ಕೆ ಹೋದವರು ಮೊದಲ ವರ್ಷಗಳನ್ನು ಕಳೆಯುವುದು ನಿರ್ವಾತ ಕೊಳವೆಗಳ ಸೋರಿಕೆ ಹುಡುಕುವುದರಲ್ಲಿ, ಲೇಸರಿನ ಆವೃತ್ತಿ ಕದಲದಂತೆ ನಿಲ್ಲಿಸುವುದರಲ್ಲಿ. ಆ ಕೆಲಸ ಹಿಡಿಸುತ್ತದೆಯೇ ಎಂಬುದನ್ನು ಮುಂಚೆಯೇ ತಿಳಿಯಲು ಒಂದು ದಾರಿಯಿದೆ: ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಬಿ.ಎಸ್ಸಿ. ವಿದ್ಯಾರ್ಥಿಗಳಿಗೂ ತೆರೆದಿದೆ. ಇದರಡಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಅವರ ಪ್ರಯೋಗಾಲಯದಲ್ಲೇ ಇದ್ದು ಕೆಲಸ ಮಾಡಬಹುದು, ಅದಕ್ಕೂ ಶಿಷ್ಯವೇತನವಿದೆ. ಅರ್ಜಿಯೊಡನೆ ಅಧ್ಯಾಪಕರೊಬ್ಬರ ಶಿಫಾರಸು ಪತ್ರ ಬೇಕಾಗುವುದರಿಂದ, ಮಗಳು ತನ್ನ ಭೌತವಿಜ್ಞಾನದ ಅಧ್ಯಾಪಕರೊಡನೆ ಈ ತಿಂಗಳೇ ಮಾತಾಡುವುದು ಒಳ್ಳೆಯದು.